ಕೆಂಪು ಪೆಟ್ಟಿಗೆಯಲ್ಲಿ ಊದುಬತ್ತಿ

ಈವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಬೆಕ್ಕು ಗೆದ್ದಿತು. ಹಾಲಿನ ಪಾತ್ರೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಭಾರ, ಇಷ್ಟು ಬಂದೋಬಸ್ತು ಮಾಡಿ ನನ್ನ ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ತಟ್ಟೆ ಝಣ್ಣನೆ ಬಿತ್ತು. ಬೆಕ್ಕು ಕಿಟಕಿಯಿಂದ ಹಾರಿತು. ಭಾರ ಮಾತ್ರ ಯಾವ ಅವಸರವೂ ಇಲ್ಲದೆ ಗರಗರ ಉರುಳುತ್ತಾ ಹೊಸ್ತಿಲಿನವರೆಗೂ ಬಂದು, ಅಲ್ಲೇ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದ ನನ್ನ ಪಾದಕ್ಕೆ ತಾಗಿ ನಿಂತಿತು.

ನೀವು ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಮೂಸಂಬಿ ಗಾತ್ರದ ಉಕ್ಕಿನ ಉರುಳೆ, ನಡುವೆ ಹೆಬ್ಬೆರಳು ತೂರುವಷ್ಟು ತೂತು. ಕಾರ್ಖಾನೆಯವರು ಇದಕ್ಕೆ ಬುಷ್ ಅನ್ನುತ್ತಾರೆ. ಯಾವುದೋ ದೊಡ್ಡ ಪಂಪಿನ ಹೊಟ್ಟೆಯೊಳಗೆ ಕೂತು ಎಣ್ಣೆ ಸೋರದ ಹಾಗೆ ಕಾಯಬೇಕಾಗಿದ್ದದ್ದು ನಮ್ಮ ಮನೆಯಲ್ಲಿ ಇಷ್ಟು ವರ್ಷದಿಂದ ಹಾಲು ಕಾಯುತ್ತಿದೆ. ಬಂದವರು ಕೇಳಿದರೆ ನನ್ನವಳು, "ಫಾರಿನ್ ಕಂಪನಿ ಐಟಂ ಕಣ್ರೀ, ನಮ್ಮೆಜಮಾನ್ರು ಕೆಲಸ ಮಾಡ್ತಿದ್ದ ಕಡೆ ಮಾಡಿದ್ದು" ಎಂದು ಸ್ವಲ್ಪ ಕತ್ತು ಎತ್ತಿಯೇ ಹೇಳುತ್ತಾಳೆ. ನಾನು ಒಮ್ಮೆಯೂ ತಿದ್ದಿಲ್ಲ. ಈವತ್ತು ಅದನ್ನು ಕೈಗೆತ್ತಿಕೊಂಡೆ. ಹೆಬ್ಬೆರಳಿನ ಉಗುರು ತಾನಾಗಿಯೇ ಅದರ ಮೈಮೇಲೆ ಒಂದು ಗೆರೆಯನ್ನು ಹುಡುಕಿತು. ಸಿಕ್ಕಿತು. ಕೂದಲೆಳೆಯಂಥ ಗೆರೆ, ಈ ತುದಿಯಿಂದ ಆ ತುದಿಗೆ. ಅದು ಸಿಕ್ಕಿದ ಮೇಲೆ ಪತ್ರಿಕೆಯ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಹೇಳಿಬಿಡುತ್ತೇನೆ, ಕೇಳಿ.

ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ. ಸಿಂಗಸಂದ್ರದ ನಮ್ಮ ಮನೆಯಿಂದ ಹೆಬ್ಬಗೋಡಿಯ ಶೆಡ್ಡಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ತಲೆಗೂದಲೆಲ್ಲ ಧೂಳಿಗೆ ನೆರೆಯುತ್ತಿತ್ತು. ಸಂಜೆ ತಲೆಗೆ ನೀರು ಬಿದ್ದ ಮೇಲೆ ಮತ್ತೆ ಪ್ರಾಯ. ಶೆಡ್ಡು ಎಂದರೆ ತಗಡಿನ ಸೂರು, ಉಕ್ಕನ್ನು ತಿರುಗಿಸಿ ಕಡೆಯುವ ಐದು ಲೇತು, ಹನ್ನೊಂದು ಜನ. ಮಾಲೀಕರು ನಾಗರಾಜಯ್ಯನವರು, ನಮಗೆಲ್ಲ 'ಯಜಮಾನ್ರು'. ನಾನು ಅಲ್ಲಿ ಅಳತೆಯ ಪುಸ್ತಕ ಬರೆಯುವವನು. ಪಿಯುಸಿ ಪಾಸು, ದುಂಡು ಅಕ್ಷರ, ಮುರುಕಲು ಇಂಗ್ಲಿಷು. ನನ್ನ ಇಂಗ್ಲಿಷು ಹಳೆಯ ಬಸ್ಸಿನ ಹಾಗೆ: ಹತ್ತಿಸಿದರೆ ಹೊರಡುತ್ತಿತ್ತು, ಎಲ್ಲಿ ನಿಲ್ಲುತ್ತದೆಂದು ಮಾತ್ರ ಹೇಳಲಾಗುತ್ತಿರಲಿಲ್ಲ. ಶೆಡ್ಡಿನಲ್ಲಿ ಬೇರೆಯವರಿಗೆ ಅಷ್ಟೂ ಇರದಿದ್ದರಿಂದ ದುಭಾಷಿಯ ಕೆಲಸವೂ ನನ್ನ ಪಾಲಿಗೇ ಬಂತು.

ದುಭಾಷಿ ಯಾಕೆ ಬೇಕಾಯಿತೆಂದರೆ, ಯುರೋಪಿನ ಒಂದು ಪಂಪಿನ ಕಂಪನಿ ಎಲೆಕ್ಟ್ರಾನಿಕ್ ಸಿಟಿಯ ಆಚೆ ಕಾರ್ಖಾನೆ ಹಾಕಿ, ಬುಷ್ ಮಾಡುವ ಕೆಲಸ ನಮಗೆ ಕೊಟ್ಟಿತ್ತು. ನಮ್ಮ ಐದು ಲೇತಿನಲ್ಲಿ ನಾಲ್ಕು ಅವರಿಗೇ ತಿರುಗುತ್ತಿದ್ದವು. ಅವರು ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಈಗಲೂ ಜನ ಕೇಳುತ್ತಾರೆ. ನಾನೇನು ಹೇಳಲಿ? ನಮ್ಮ ಪಕ್ಕದ ಶೆಡ್ಡಿನ ರಹಮತ್ ಸಾಹೇಬರು ತಮ್ಮದೇ ಹೆಸರಿನ ಪುಟ್ಟ ಪಂಪು ಮಾಡಿ ಮಾರುತ್ತಿದ್ದರು. ಕಂಪನಿಯ ಪಂಪು ನುಣ್ಣಗೆ ಬಣ್ಣ ಬಳಿದುಕೊಂಡು ಅಂಗಡಿಗೆ ಬಂದ ಎರಡನೇ ವರ್ಷ ಸಾಹೇಬರ ಶೆಡ್ಡು ಮುಚ್ಚಿತು. ಅಲ್ಲಿ ಕಂಪನಿ ಹುಡುಗರಿಗೆ ಊಟದ ಮೆಸ್ಸು ಬಂತು. ಯಜಮಾನರು ಆ ಬಾಗಿಲ ಮುಂದೆ ಹಾಯುವಾಗೆಲ್ಲ ಒಂದು ಮಾತು ಹೇಳುತ್ತಿದ್ದರು: "ಅವರು ಇಡೀ ಪಂಪು ಮಾಡ್ತಿದ್ರು ಕಣಯ್ಯಾ, ನಾವು ಅದರ ಒಂದು ಮೂಳೆ ಮಾಡ್ತೀವಿ. ಅದಕ್ಕೇ ನಾವು ಉಳ್ಕೊಂಡ್ವಿ." ಹೇಳುವಾಗ ಅವರ ದನಿಯಲ್ಲಿ ಸಮಾಧಾನ ಇರುತ್ತಿರಲಿಲ್ಲ.

ಇನ್ನೊಂದು ಕಡೆ, ಕಂಪನಿಯವರು ನಮಗೆ ಕಲಿಸಿದ್ದನ್ನೂ ಸುಳ್ಳು ಅನ್ನಲಾರೆ. ನೆಲಕ್ಕೆ ಹಳದಿ ಗೆರೆ ಎಳೆಸಿದರು. ಚಪ್ಪಲಿ ಹೋಗಿ ಬೂಟು ಬಂತು. ಅಳೆಯುವ ಮೈಕ್ರೋಮೀಟರು ಸಾಣೆಕಲ್ಲಿನ ಪಕ್ಕದಿಂದ ಮಖಮಲ್ಲಿನ ಡಬ್ಬಿಗೆ ಹೋಯಿತು. ಜೊತೆಗೆ ಒಂದು ಕೆಂಪು ತಗಡಿನ ಪೆಟ್ಟಿಗೆಯನ್ನೂ ಕೊಟ್ಟರು. ಕೆಟ್ಟ ಪೀಸು ಬಂದರೆ ಇದಕ್ಕೆ ಹಾಕಿ, ತಿಂಗಳಿಗೊಮ್ಮೆ ಎಷ್ಟು ಬಿತ್ತು ಅಂತ ನಮಗೆ ಬರೆದು ಕಳಿಸಿ ಎಂದರು.

ಯಡವಟ್ಟಾದದ್ದು ಅಲ್ಲೇ. ನಮ್ಮ ಲೇತಿನವರಿಗೆ ಕೆಟ್ಟ ಪೀಸೆಂದರೆ ಮಾನದ ಪ್ರಶ್ನೆ. ನಾಲ್ಕು ಜನ ಕಾಣುವ ಪೆಟ್ಟಿಗೆಗೆ, ಅದೂ ಕೆಂಪು ಬಣ್ಣದ್ದಕ್ಕೆ, ತನ್ನ ಕೈಯಾರೆ ಕೆಡಿಸಿದ್ದನ್ನು ಯಾರು ಹಾಕುತ್ತಾರೆ? ಪೆಟ್ಟಿಗೆ ಖಾಲಿ ಇತ್ತು. ಖಾಲಿ ಇರುವುದೇ ಶೆಡ್ಡಿನ ಮರ್ಯಾದೆ ಎಂದು ಯಜಮಾನರು ಅದನ್ನು ದೇವರ ಪಟದ ಕೆಳಗೆ ಇಡಿಸಿದರು. ಆಯುಧಪೂಜೆಗೆ ಲೇತಿಗೆ ಕುಂಕುಮ ಇಟ್ಟ ಕೈ ಅದಕ್ಕೂ ಇಟ್ಟಿತು. ಜಾಗ ಸುಮ್ಮನೆ ಯಾಕೆ ಹಾಳು ಅಂತ ಯಾರೋ ಅದರೊಳಗೆ ಊದುಬತ್ತಿ, ಕರ್ಪೂರ ಇಟ್ಟರು. ಪ್ರತಿ ತಿಂಗಳೂ ನಾನು ನನ್ನ ದುಂಡು ಅಕ್ಷರದಲ್ಲಿ 'ಕೆಟ್ಟ ಪೀಸು: ಸೊನ್ನೆ' ಎಂದು ಬರೆದು ಕಳಿಸುತ್ತಿದ್ದೆ. ಸೊನ್ನೆಯನ್ನು ಅಷ್ಟು ಚೆನ್ನಾಗಿ ಬರೆಯುವವರು ಆ ರಸ್ತೆಯಲ್ಲೇ ಇರಲಿಲ್ಲ.

ಹಾಗಾದರೆ ಕೆಟ್ಟದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತು? ತಾಳಿ, ಬರುತ್ತೇನೆ.

ಒಂದು ದಿನ ಕಂಪನಿಯ ದೊಡ್ಡ ಇನ್ಸ್‌ಪೆಕ್ಟರು ಬಂದ. ಬಿಳಿಯ ಮನುಷ್ಯ, ಶೆಡ್ಡಿನ ಬಾಗಿಲಲ್ಲಿ ಬಾಗಿಯೇ ಒಳಗೆ ಬರಬೇಕು. ನಮ್ಮವರು ಆ ಕ್ಷಣವೇ ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟರು. ನಮ್ಮ ಬುಷ್ ಹಾಕಿದ ಪಂಪುಗಳು ಸೋರುತ್ತಿವೆಯಂತೆ. ಉದ್ದಣ್ಣ ನನ್ನ ಪುಸ್ತಕ ತಿರುವಿದ. ಸೊನ್ನೆ, ಸೊನ್ನೆ, ಸೊನ್ನೆ. ಕೆಂಪು ಪೆಟ್ಟಿಗೆ ತೆರೆದ. ಎರಡು ಬೆರಳಲ್ಲಿ ಊದುಬತ್ತಿಯ ಕಟ್ಟು ಎತ್ತಿ, ಮೂಸಿ, ಹಾಗೇ ಇಟ್ಟ. ಆಮೇಲೆ ನನ್ನತ್ತ ತಿರುಗಿ, ಈ ಪುಸ್ತಕ ಸುಳ್ಳು, ಲೋಕದಲ್ಲಿ ಯಾವ ಲೇತೂ ಸೊನ್ನೆ ಕೊಡುವುದಿಲ್ಲ, ಇದನ್ನು ಬರೆದವರು ಯಾರು ಕೇಳು ಎಂದ.

"ಏನಂತಾನೋ?" ಯಜಮಾನರು ಕೇಳಿದರು.

ನಾನು ಪುಸ್ತಕ ಮುಚ್ಚಿದೆ. "ಪುಸ್ತಕ ಯಾರು ಬರೆದಿದ್ದು ಅಂತಿದಾರೆ, ಯಜಮಾನ್ರೇ. ಅಕ್ಷರ ಚೆನ್ನಾಗಿದೆಯಂತೆ."

ಯಜಮಾನರ ಮುಖ ಅರಳಿತು. ನನ್ನ ಭುಜ ಹಿಡಿದು ಉದ್ದಣ್ಣನ ಮುಂದಕ್ಕೆ ತಳ್ಳಿ, "ಇವನೇ! ಇವನೇ!" ಎಂದರು. ಉದ್ದಣ್ಣ ಮೇಲಿನಿಂದ ಕೆಳಕ್ಕೆ ನನ್ನನ್ನು ಒಂದು ಸಲ ನೋಡಿದ ನೋಟ ಈಗಲೂ ಸ್ನಾನ ಮಾಡುವಾಗ ಒಮ್ಮೊಮ್ಮೆ ನೆನಪಾಗಿ ಮೈ ಜುಮ್ಮೆನ್ನುತ್ತದೆ.

ಹತ್ತು ದಿನ ಗಡುವು ಕೊಟ್ಟ. ಸೋರುವುದಕ್ಕೆ ಕಾರಣ ಹುಡುಕಿ ಹೇಳಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಇಷ್ಟನ್ನು ಮಾತ್ರ ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಪಕ್ಕದ ಮೆಸ್ಸಿನಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಹನ್ನೊಂದು ಜನವೂ ಆ ಗೋಡೆಯ ಕಡೆ ನೋಡಿದೆವು.

ಮಾರನೆಯ ದಿನ ಈರಣ್ಣ ಕೆಲಸಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಈರಣ್ಣನೆಂದರೆ ನಮ್ಮ ದೊಡ್ಡ ಲೇತಿನವನು. ಗದಗದ ಕಡೆಯವನು, ಹೆಂಡತಿಯೊಂದಿಗೆ ಬಂದು ಹೆಬ್ಬಗೋಡಿಯಲ್ಲಿ ಗೌಡರೊಬ್ಬರು ಕಟ್ಟಿಸಿದ ಸಾಲುಮನೆಯ ಒಂದು ಕೋಣೆಯಲ್ಲಿದ್ದ. ಅವನು ಲೇತಿನ ಸದ್ದು ಕೇಳಿಯೇ ಉಕ್ಕು ಕೊರೆಯುವ ಟೂಲು ಮೊಂಡಾಗಿದೆ ಎಂದು ಹೇಳುತ್ತಿದ್ದ. ಹಾಗೆ ಕೇಳುವಾಗ ತಾಯಿ ಮಗುವಿನ ಕೆಮ್ಮು ಕೇಳುವ ಹಾಗೆ ಕತ್ತು ವಾಲಿಸುತ್ತಿದ್ದ. ಅವನಿಲ್ಲದೆ ಹತ್ತು ದಿನವಲ್ಲ, ಹತ್ತು ವರ್ಷ ಕೊಟ್ಟರೂ ನಮ್ಮಿಂದ ಏನೂ ಆಗುತ್ತಿರಲಿಲ್ಲ. "ಹೋಗಿ ಕರ್ಕೊಂಡು ಬಾರಯ್ಯಾ, ಕಾಲಾದ್ರೂ ಹಿಡಿ" ಎಂದು ಯಜಮಾನರು ನನ್ನನ್ನು ಅಟ್ಟಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಈರಣ್ಣ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಮಲಗಿದ್ದ. ಅವನ ಹೆಂಡತಿ ಶಾಂತವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ಕೂರುತ್ತಲೇ ತಟ್ಟೆಗೆ ರೊಟ್ಟಿ ಬಿತ್ತು, ಶೇಂಗಾ ಚಟ್ನಿ ಬಿತ್ತು. ಬೇಡ ಎನ್ನುವುದಕ್ಕೆ ಆ ಮನೆಯಲ್ಲಿ ಅವಕಾಶವಿರಲಿಲ್ಲ.

"ಯಾಕೆ ಈರಣ್ಣ, ಶೆಡ್ ಕಡೆ ಬರಲೇ ಇಲ್ಲ?"

ಗೋಡೆಗೇ ಹೇಳಿದ: "ಕೈ ಕೆಟ್ಟೈತ್ರಿ ಸರ. ಇನ್ನ ಲೇತ್ ಮುಟ್ಟಂಗಿಲ್ಲ ನಾ. ಸೋರೂದು ನನ್ನ ಕೈಲೆ ಆಗೇತಿ, ಹನ್ನೊಂದ ಮಂದಿ ಅನ್ನ ನಾ ತೆಗದೆ."

"ಯಾರು ಹೇಳಿದ್ದು ನಿನ್ನ ಕೈ ಅಂತ?"

ಉತ್ತರ ಶಾಂತವ್ವ ಕೊಟ್ಟಳು. "ಯಾರ್ ಹೇಳಬೇಕ್ರಿ ಅಣ್ಣಾರ? ಕಣ್ಣು ತೆರದು ಮನಿ ನೋಡ್ರಿ. ಇವರ ಪಾಪ ಎಲ್ಲಾ ನಮ್ಮ ಮನ್ಯಾಗ ಐತಿ."

ನೋಡಿದೆ. ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟದ್ದು ಒಂದು ಬುಷ್. ಖಾರಪುಡಿಯ ಡಬ್ಬಿಯ ಮೇಲೆ ಒಂದು. ನೀರಿನ ಕೊಡ ಹೊರಳದ ಹಾಗೆ ಸುತ್ತ ಮೂರು. ಮಳೆಗೆ ಒಳಗೆ ನೀರು ಬರುತ್ತದೆಂದು ಎತ್ತರಿಸಿದ ಮಂಚದ ನಾಲ್ಕು ಕಾಲಿನ ಕೆಳಗೂ ಬುಷ್. ಗುಜರಿ ರಾಶಿಗೆ ಎಸೆದರೆ ದಾರಿಹೋಕರೂ ಕಾಣುತ್ತಾರೆಂದು ಈರಣ್ಣ ಕೆಟ್ಟದ್ದನ್ನೆಲ್ಲ ಬುತ್ತಿಯ ಚೀಲದಲ್ಲಿ ಮನೆಗೆ ತಂದಿದ್ದ. ತನ್ನ ನಾಚಿಕೆಯ ಮೇಲೇ ಮಂಚ ಹಾಕಿಕೊಂಡು ಮಲಗುತ್ತಿದ್ದ. ನಾನು ನಗಬೇಕೆಂದಿದ್ದವನು ನಗಲಿಲ್ಲ. ನಮ್ಮ ಮನೆಯ ಹಾಲಿನ ತಟ್ಟೆ ನೆನಪಾಯಿತು. ಅದೂ ಈರಣ್ಣನೇ ಒಮ್ಮೆ ಗುಟ್ಟಾಗಿ, "ಮನಿಗೆ ಇಟ್ಕೊಳ್ರಿ ಸರ, ಯಾರಿಗೂ ಹೇಳಬ್ಯಾಡ್ರಿ" ಎಂದು ಕೈಗಿಟ್ಟದ್ದು. ಇಟ್ಟುಕೊಂಡು ಬಂದು ಆ ತಿಂಗಳೂ ಸೊನ್ನೆ ಬರೆದವನು ನಾನು.

"ಎಲ್ಲಾ ತೆಗಿ, ಶಾಂತಕ್ಕ. ಒಂದು ಸಾರಿ ನೋಡೋಣ" ಎಂದೆ.

ಮಂಚ ಎತ್ತಿದೆವು. ಈರಣ್ಣ ಬೇಡ ಬೇಡ ಎನ್ನುತ್ತಲೇ ಒಂದು ಕಾಲು ಹಿಡಿದ. ಬಾಗಿಲ ಬಿಸಿಲಿನಲ್ಲಿ ಬುಷ್‌ಗಳನ್ನು ಸಾಲಾಗಿಟ್ಟೆವು. ಒಂದೊಂದರ ಮೇಲೂ ಸಣ್ಣ ಗೆರೆ. ಈರಣ್ಣ ಇವನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಒಂದೊಂದೂ ಕೆಟ್ಟಾಗ ಅವಸರದಲ್ಲಿ ಚೀಲಕ್ಕೆ ತುರುಕಿದವನು ತಿರುಗಿ ನೋಡುವ ಧೈರ್ಯ ಮಾಡಿರಲಿಲ್ಲ.

ಶಾಂತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಗ್ಗಿ ನೋಡಿ, "ಇದೇನ್ರಿ, ಎಲ್ಲಾಕ್ಕೂ ಬೈತಲಿ ತೆಗದಂಗ ಐತಲ್ಲ!" ಎಂದಳು.

ಈರಣ್ಣ ತಟ್ಟನೆ ಹತ್ತಿರ ಬಂದು ಕೂತ. "ಏನಂದಿ?"

"ಬೈತಲಿ ಅಂದೆ. ಮ್ಯಾಲಿಂದ ಕೆಳಗ, ನೆಟ್ಟಗ."

ಅವನು ಒಂದು ಬುಷ್ ಎತ್ತಿಕೊಂಡ, ಇಟ್ಟ, ಇನ್ನೊಂದು ಎತ್ತಿಕೊಂಡ. ಆಮೇಲೆ ನನ್ನ ತೊಡೆಯ ಮೇಲೆ ಫಟ್ಟನೆ ಹೊಡೆದ. "ಸರ! ಟೂಲ್ ಗೀರಿದ್ರ ಕೈಬಳಿ ಇದ್ದಂಗ ಸುತ್ತ ಗೀರಬೇಕ್ರಿ. ಪೀಸ್ ತಿರಗತಿರತೈತಿ, ಉದ್ದಕ್ಕ ಹೆಂಗ ಗೀರತೈತಿ? ಇದು ನನ್ನ ಕೈ ಅಲ್ರಿ. ಇದು ಸಲಾಕಿ ಹುಟ್ಟಿದಾಗಿಂದನ ಐತಿ! ಕಣ್ಣಿಗೆ ಬಿದ್ದವು ಇಲ್ಲಿ ಅದಾವು, ಬೀಳದವು ಪಂಪಿನ್ಯಾಗ ಹೋಗಿ ಸೋರತಾವ!"

ಬುಷ್ ಕಡೆಯಲು ತರುತ್ತಿದ್ದ ಆ ಉದ್ದನೆಯ ಉಕ್ಕಿನ ಸಲಾಕೆಯನ್ನು ನಾವು ಬೇಕೆಂದಲ್ಲಿ ಕೊಳ್ಳುವಂತಿರಲಿಲ್ಲ. ಕಂಪನಿ ತೋರಿಸಿದ ಒಂದೇ ಕಡೆಯಿಂದ, ಕಂಪನಿಯೇ ಒಪ್ಪಿದ ಚೀಟಿ ಕಟ್ಟಿಕೊಂಡು ಬರಬೇಕು. ದೊಡ್ಡವರು ಪರೀಕ್ಷೆ ಮಾಡಿದ್ದು, ಅದರಲ್ಲಿ ಐಬು ಇದ್ದೀತೆಂದು ನಾವು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ತಪ್ಪೆಂದರೆ ಅದು ನಮ್ಮದೇ ಇರಬೇಕು ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ಒಂದು ವಿಚಿತ್ರ ಮೆರವಣಿಗೆ. ಈರಣ್ಣ ಗೋಣಿಚೀಲ ಹೊತ್ತು ಬಂದದ್ದು ಕಂಡು, ವಿಷಯ ಕೇಳಿ, ಒಬ್ಬೊಬ್ಬರೂ ತಲೆ ತಗ್ಗಿಸಿಕೊಂಡು ಮನೆಗೆ ಹೋಗಿ ಬಂದರು. ಒಬ್ಬ ಟಿಫನ್ ಕ್ಯಾರಿಯರಿನಲ್ಲಿ ತಂದ, ಇನ್ನೊಬ್ಬ ಮಗಳ ಸ್ಕೂಲ್ ಬ್ಯಾಗಿನಲ್ಲಿ. ನಾನು ಮಾತ್ರ ನನ್ನದನ್ನು ಹಾಲಿನ ತಟ್ಟೆಯ ಮೇಲೇ ಬಿಟ್ಟೆ. ಯಜಮಾನರು ಕೆಂಡವಾದರು. "ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣು ಹಾಕಿದ್ರೇನ್ರೋ!" ಎಂದು ಕೂಗಾಡಿದರು. ಆಮೇಲೆ ಏನೋ ನೆನಪಾದವರಂತೆ ತಮ್ಮ ಕೋಣೆಗೆ ಹೋಗಿ, ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟುಕೊಂಡಿದ್ದ ಬುಷ್ ತಂದು ರಾಶಿಗೆ ಸೇರಿಸಿದರು. ಯಾರೂ ನಗಲಿಲ್ಲ, ಅಂದರೆ ಅವರಿಗೆ ಕಾಣುವ ಹಾಗೆ ನಗಲಿಲ್ಲ.

"ಆದ್ರೆ ಇದನ್ನ ಹೇಳೋದು ಹೆಂಗಯ್ಯಾ?" ಎಂದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅವನೂ ಹಂಗೇ ಅಂತಾನೆ."

ನಮ್ಮಜ್ಜಿ ಈ ಗಾದೆಯನ್ನು ನನಗೆ ದಿನಕ್ಕೆರಡು ಸಲ ಹೇಳಿ ಬೆಳೆಸಿದವಳು. ಆದರೆ ಅವತ್ತು ನನಗೆ ಅನ್ನಿಸಿತು: ಅಪರೂಪಕ್ಕೆ ನೆಲವೂ ಡೊಂಕಿರುತ್ತದೆ. ಅದನ್ನು ಹೇಳುವ ಬಾಯಿ ಬರಬೇಕಾದರೆ, ತಾನು ಎಡವಿದ್ದೆಲ್ಲಿ ಎಂದು ಮೊದಲು ತೋರಿಸಬೇಕು. ಹಾಗೇ ಮಾಡಿದೆವು. ರಾಶಿಯನ್ನು ಎರಡು ಪಾಲು ಮಾಡಿದೆವು. ಅಳತೆ ತಪ್ಪಿದವು, ಟೂಲು ಬಳೆಯಂತೆ ಗೀರಿದವು ಒಂದು ಕಡೆ. ಅವು ನಮ್ಮ ತಪ್ಪು. ಬೈತಲೆಯವು ಇನ್ನೊಂದು ಕಡೆ. ನಮ್ಮದು ಚಿಕ್ಕ ಗುಡ್ಡೆ. ಸಲಾಕೆಯದು ದೊಡ್ಡ ಗುಡ್ಡೆ. ಕೆಂಪು ಪೆಟ್ಟಿಗೆಯಿಂದ ಊದುಬತ್ತಿ ಕರ್ಪೂರ ಹೊರಬಂದವು, ಬುಷ್‌ಗಳು ಒಳಗೆ ಹೋದವು. ಹಿಡಿಸಲಿಲ್ಲ, ಮುಚ್ಚಳ ಮುಚ್ಚಲಾಗಲಿಲ್ಲ.

ಹತ್ತನೆಯ ದಿನ ಉದ್ದಣ್ಣ ಬಾಗಿ ಒಳಗೆ ಬಂದ. ಪೆಟ್ಟಿಗೆ ನೋಡಿದ. ನಾವು ಬುಷ್‌ಗಳನ್ನು ಮತ್ತೆ ಎರಡು ಗುಡ್ಡೆ ಮಾಡಿ ಅವನ ಮುಂದಿಟ್ಟೆವು. ನಾನು ನನ್ನ ಹಳೆಯ ಬಸ್ಸು ಹತ್ತಿಸಿ, ಸೊನ್ನೆ ಬರೆದದ್ದು ಸುಳ್ಳು, ಬರೆದವನು ನಾನು, ನಿಜವಾದ ಲೆಕ್ಕ ಇಲ್ಲಿದೆ ಎಂದೆ. ಅವನು ಚಿಕ್ಕ ಗುಡ್ಡೆಯಿಂದ ಒಂದೊಂದನ್ನೂ ಎತ್ತಿ ನೋಡಿದ. ಆಮೇಲೆ ದೊಡ್ಡದರ ಕಡೆ ಕೈ ತೋರಿಸಿ, ಇದನ್ನು ಹೇಗೆ ನಂಬಲಿ ಎಂದ.

ಈರಣ್ಣ ಮುಂದೆ ಬಂದ. "ಕಟ್ಟು ಬಿಚ್ಚದ ಸಲಾಕಿ ಅವರ ಕೈಲೇನ ಆರಿಸಾಕ ಹೇಳ್ರಿ ಸರ. ನಮ್ಮ ಟೂಲ್ ಮುಟ್ಟಬಾರದು."

ಉದ್ದಣ್ಣ ಚೀಟಿ ಕಟ್ಟಿದ ಹೊರೆಯನ್ನು ತಾನೇ ಬಿಚ್ಚಿ ಮೂರು ಸಲಾಕೆ ಆರಿಸಿದ. ಈರಣ್ಣ ಅವುಗಳ ಮೇಲಿನ ಕಪ್ಪು ಹೊಟ್ಟನ್ನು ತಿಕ್ಕಿ ತೆಗೆದು, ಸೀಳಿದ ಪೈಪಿನ ತೊಟ್ಟಿಯಲ್ಲಿ ಸೀಮೆಎಣ್ಣೆ ಹೊಯ್ದು ಅದ್ದಿಟ್ಟ. ಶಾಂತವ್ವ ಸ್ಟೌವಿಗೆಂದು ಇಟ್ಟಿದ್ದ ಸೀಮೆಎಣ್ಣೆ ಅದು. ಹೊರತೆಗೆದು, ಒಣಗುವಂತೆ ಒರೆಸಿ, ಮೈತುಂಬ ಸೀಮೆಸುಣ್ಣ ಉಜ್ಜಿದ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಪುಡಿಯನ್ನು ಒದ್ದೆ ಮಾಡುತ್ತದೆ. ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಅವನ ಸೋದರಮಾವ ಕಲಿಸಿದ ವಿದ್ಯೆ. ಸೀಮೆಯಿಂದ ಬಂದ ಎಣ್ಣೆ, ಸೀಮೆಯಿಂದ ಬಂದ ಸುಣ್ಣ, ಎರಡೂ ನಮ್ಮದಾಗಿ ಎಷ್ಟು ಕಾಲವಾಯಿತೋ!

ಸಲಾಕೆಗಳನ್ನು ಬಿಸಿಲಿಗಿಟ್ಟೆವು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಯಜಮಾನರು ಅಂಗಿಯ ಗುಂಡಿ ತಿರುವುತ್ತಾ ನಿಂತಿದ್ದರು. ಉದ್ದಣ್ಣ ಗಡಿಯಾರ ನೋಡಿದ. ನಾನು ದೇವರ ಪಟ ನೋಡಿದೆ. ಪಟದ ಕೆಳಗೆ ಊದುಬತ್ತಿಯೂ ಇರಲಿಲ್ಲ.

"ಬಂತ್ರೀ" ಎಂದ ಈರಣ್ಣ, ಪಿಸುದನಿಯಲ್ಲಿ.

ಮೂರನೆಯ ಸಲಾಕೆಯ ಬಿಳುಪಿನ ಮೇಲೆ ಒಂದು ತೇವದ ಎಳೆ ಮೂಡುತ್ತಿತ್ತು. ಬಾಚಣಿಗೆಯ ಹಲ್ಲಿನಿಂದ ಎಳೆದ ಹಾಗೆ, ತುದಿಯಿಂದ ತುದಿಗೆ. ಉದ್ದಣ್ಣ ಬಿಳಿಯ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿದ. ಮೂಗು ತಾಗುವಷ್ಟು ಬಗ್ಗಿ ನೋಡಿದ. ಎದ್ದಾಗ ಮಂಡಿಯ ಮೇಲೆ ಎರಡು ಎಣ್ಣೆಯ ಕಲೆ. ಆ ಕಲೆಗಳನ್ನು ಕಂಡಾಗ ನನಗೆ ಆದಷ್ಟು ಹೆಮ್ಮೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಕೆಲಸ ಉಳಿಯಿತು. ಅಷ್ಟೇ ಅಲ್ಲ, ಸಲಾಕೆ ಸರಿಯಿಲ್ಲದಿದ್ದರೆ ವಾಪಸು ಕಳಿಸುವ ಅಧಿಕಾರವನ್ನೂ ಕಂಪನಿ ನಮ್ಮ ತಗಡಿನ ಶೆಡ್ಡಿಗೆ ಬರೆದುಕೊಟ್ಟಿತು. ಬಿರುಕು ಪತ್ತೆ ಮಾಡುವ ಅವರ ದುಬಾರಿ ಯಂತ್ರ ಬರುವವರೆಗೆ ಸುತ್ತಲಿನ ಶೆಡ್ಡುಗಳಿಗೆಲ್ಲ ಹೋಗಿ ಈ ಪರೀಕ್ಷೆ ಕಲಿಸಿಕೊಡು ಎಂದು ಈರಣ್ಣನಿಗೆ ಕಾರು ಕಳಿಸಿದರು. ಕಾರಿನ ಮುಂದಿನ ಸೀಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಸೀಮೆಸುಣ್ಣದ ಡಬ್ಬಿ. ಗೌಡರ ಸಾಲುಮನೆಯವರೆಲ್ಲ ಹೊರಗೆ ಬಂದು ನಿಂತು ನೋಡಿದರಂತೆ. ಅವನು ಈಗ ಹೆಬ್ಬಗೋಡಿಯಲ್ಲಿ ಎರಡು ಲೇತಿನ ಸ್ವಂತ ಶೆಡ್ಡು ಇಟ್ಟಿದ್ದಾನೆ. ಆಯುಧಪೂಜೆಗೆ ಹೋದರೆ ನೋಡಬೇಕು ನೀವು: ಮೊದಲ ಕುಂಕುಮ ಕೆಂಪು ಪೆಟ್ಟಿಗೆಗೆ, ಆಮೇಲೆ ಲೇತಿಗೆ. ಒಳಗೆ ಊದುಬತ್ತಿಯಲ್ಲ, ಆ ತಿಂಗಳ ಕೆಟ್ಟ ಪೀಸುಗಳು.

ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಷ್ಟೋ ಸಲ ಹೇಳಿದ್ದೇನೆ. ಆದರೆ ಒಂದು ಚೂರು ಬಿಟ್ಟು. ಅವತ್ತು ಮಂಡಿ ಕೊಡವುತ್ತಾ ಎದ್ದ ಉದ್ದಣ್ಣ, ಈ ಗೆರೆಯ ಗುಟ್ಟು ಮೊದಲು ಕಂಡವರು ಯಾರು ಎಂದು ಕೇಳಿದ. ನಾನು ಈರಣ್ಣನನ್ನು ಕೇಳಿದೆ. ಅವನು ನೆಲ ನೋಡುತ್ತಾ, "ನಮ್ಮ ಮನ್ಯಾಕಿ ರಿ" ಎಂದ. ನಾನು ಒಂದು ಗಳಿಗೆ ಯೋಚಿಸಿದೆ. ರೊಟ್ಟಿ ತಟ್ಟುವ ಹೆಂಗಸು ಕಂಡಳೆಂದರೆ ಈ ಬಿಳಿಯ ಮನುಷ್ಯ ನಕ್ಕುಬಿಟ್ಟರೆ? ಆದ ಕೆಲಸ ಕೆಟ್ಟರೆ? ಇಂಗ್ಲಿಷಿಗೆ ತರುವಾಗ, ಇವನೇ ಕಂಡದ್ದು, ಈರಣ್ಣ ಎಂದುಬಿಟ್ಟೆ. ಉದ್ದಣ್ಣ ಈರಣ್ಣನ ಕೈ ಕುಲುಕಿದ.

ಇಷ್ಟು ನೆನಪಾಗುವ ಹೊತ್ತಿಗೆ ನನ್ನ ಹೆಂಡತಿ ಮಹಡಿಯಿಂದ ಇಳಿದು ಬಂದಳು. ಬೆಕ್ಕಿಗೂ ನನಗೂ ಸಮನಾಗಿ ಬೈದು, ನನ್ನ ಕೈಯಿಂದ ಬುಷ್ ತೆಗೆದುಕೊಂಡು ತೊಳೆದು ಒರೆಸಿದಳು. ಬೆಳಕಿಗೆ ಹಿಡಿದು, "ಅಲ್ರೀ, ಇದರ ಮೇಲೆ ಏನೋ ಗೆರೆ ಇದೆ. ಬೈತಲೆ ತೆಗೆದ ಹಾಗಿದೆ, ನೋಡಿ!" ಎಂದಳು.

"ಅದು ರಿಜೆಕ್ಟ್ ಪೀಸು ಕಣೇ."

"ರಿಜೆಕ್ಟಾ? ಇಷ್ಟು ವರ್ಷ ಎಲ್ಲರ ಹತ್ರ ಕಂಪನಿ ಐಟಂ ಅಂತ ಹೇಳ್ಕೊಂಡು ಬಂದ್ನಲ್ರೀ, ನನ್ನ ಮರ್ಯಾದೆ!"

"ಇನ್ಮೇಲೆ ರಿಜೆಕ್ಟ್ ಅಂತಲೇ ಹೇಳು. ಗೆರೆ ಈ ಕಡೆ ಕಾಣೋ ಹಾಗೆ ಇಡು" ಎಂದು ಎದ್ದು ಹೆಬ್ಬಗೋಡಿಗೆ ಫೋನ್ ಮಾಡಿದೆ. ಈರಣ್ಣ ಎತ್ತಿದ. ಹಿಂದೆ ಲೇತಿನ ಸದ್ದು. "ನೀನಲ್ಲಪ್ಪ, ಶಾಂತಕ್ಕನಿಗೆ ಕೊಡು" ಎಂದೆ.

"ಶಾಂತಕ್ಕ, ಅವತ್ತು ಆ ಇನ್ಸ್‌ಪೆಕ್ಟರ್ ಹತ್ರ ನಾನೊಂದು ಮಾತು ತಪ್ಪು ಹೇಳಿದ್ದೆ. ಗೆರೆ ಮೊದಲು ಕಂಡಿದ್ದು ಈರಣ್ಣ ಅಂದುಬಿಟ್ಟಿದ್ದೆ."

ಅವಳು ನಕ್ಕಳು. "ಗೊತ್ತೈತ್ರಿ ಅಣ್ಣಾರ. ಇವರು ಅವತ್ತ ಸಂಜೀಗೇ ಬಂದು ಹೇಳ್ಯಾರ. ಇಂಗ್ಲಿಷ್‌ನಾಗ ಏನರ ಅನ್ರಿ, ಈರಣ್ಣ ಅನ್ನೂದು ಈರಣ್ಣ ಅಂತನ ಕೇಳತೈತೆಲ್ಲ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಇರ್ಲಿ ಬಿಡ್ರಿ," ಎಂದಳು. "ನಿಮ್ಮ ಆ ಮಾತೂ ಒಂದು ಕೆಟ್ಟ ಪೀಸ್ ಅಂತ ಕೆಂಪು ಪೆಟಿಗ್ಯಾಗ ಹಾಕಿ ಇಟ್ಟಿದ್ವಿ. ಇವತ್ತ ಅದನ್ನ ತೆಗೀತೀನಿ."